ಹತ್ತು ಚಕ್ರಕ್ಕೆ ಒಂದೇ ಬ್ರೇಕ್ ಲೈನು

ಅಮೆರಿಕದ ಸೌತ್ ಬೆಂಡ್ ಊರಿನಿಂದ ಉತ್ತರಕ್ಕೆ ಹೊರಟರೆ ಮಿಶಿಗನ್ ರಾಜ್ಯದ ಗಡಿ ದೂರವೇನಲ್ಲ. ಗಡಿಗೆ ಮುಂಚೆ ಕವಲೊಡೆಯುವ ಜಲ್ಲಿ ರಸ್ತೆಯೊಂದರ ಕೊನೆಯಲ್ಲಿ, ಕಟಾವು ಮುಗಿದ ಮೆಕ್ಕೆಜೋಳದ ಹೊಲಗಳ ನಡುವೆ, ತಗಡಿನ ದೊಡ್ಡ ಶೆಡ್ಡು. ಬಾಗಿಲು ಸರಿಸಲು ಇಬ್ಬರು ಬೇಕು. ಒಳಗೆ ಕಾಂಕ್ರೀಟ್ ನೆಲದ ಮೇಲೆ, ಹಿಂದಿನ ಎರಡೂ ಆಕ್ಸಲ್‌ಗಳ ಕೆಳಗೆ ಉಕ್ಕಿನ ಸ್ಟ್ಯಾಂಡು ಕೊಟ್ಟು ನಿಲ್ಲಿಸಿದ ಮಿಲಿಟರಿ ಟ್ರಕ್ಕು. ಎಡಬದಿಯ ಹಿಂದಿನ ಚಕ್ರಗಳು ಕಳಚಿ ಗೋಡೆಗೆ ಒರಗಿವೆ. ಡ್ರಮ್ಮು, ಹಬ್ಬು, ಬೇರಿಂಗು ಎಲ್ಲವೂ ಬಿಚ್ಚಿದ ಕ್ರಮದಲ್ಲೇ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಕೂತಿವೆ. ಒಂದೊಂದರ ಕೊರಳಿಗೂ ಒಂದೊಂದು ರಟ್ಟಿನ ಚೀಟಿ.

ಶೆಡ್ಡಿನ ಯಜಮಾನರು ನ್ಯಾಷನಲ್ ಗಾರ್ಡ್ ಪಡೆಯಲ್ಲಿ ವಾಹನಗಳ ರಿಪೇರಿ ನೋಡಿಕೊಂಡು ನಿವೃತ್ತರಾದವರು. ಸುತ್ತಮುತ್ತಲಿನವರೆಲ್ಲ ಅವರನ್ನು ಸಾರ್ಜೆಂಟ್ ಎಂದೇ ಕರೆಯುತ್ತಾರೆ. ನನ್ನ ತಂಗಿಯ ಮಗ ರಜಾ ಬಂತೆಂದರೆ ಇಲ್ಲಿಗೆ ಬಂದು ಅವರ ಕೈಕೆಳಗೆ ಕೆಲಸ ಮಾಡುತ್ತಾನೆ; ಟ್ರಕ್ಕಿನಲ್ಲಿ ಅವನದೂ ಪಾಲಿದೆ. "ಮಾವ, ಮೊದಲು ಸುತ್ತಲೂ ಒಂದು ಸಲ ನಡೆದು ಬನ್ನಿ. ಏನನ್ನೂ ಮುಟ್ಟಬೇಡಿ, ಬರೀ ನೋಡಿ" ಎಂದ.

ಅದು ಇಲ್ಲಿನ ಶಿಸ್ತಿನ ಮೊದಲ ಪಾಠ. ಅಮೆರಿಕದ ಸೈನ್ಯದಲ್ಲಿ ಗಾಡಿ ಹೊರಡಿಸುವ ಮುಂಚೆ ಚಾಲಕ ಸುತ್ತು ಹಾಕಿ ಕೆಳಗೆ ಏನಾದರೂ ಸೋರಿದೆಯೇ ನೋಡಬೇಕು. ಸೋರಿಕೆಗೆ ಅವರು ಮೂರು ದರ್ಜೆ ಮಾಡಿದ್ದಾರೆ. ಎಣ್ಣೆಯ ಪಸೆ ಕಾಣುತ್ತದೆ, ಆದರೆ ಹನಿ ಕಟ್ಟಿಲ್ಲ ಎಂದರೆ ಮೊದಲನೆಯದು. ಹನಿ ಕಟ್ಟಿದೆ, ಉದುರುತ್ತಿಲ್ಲ ಎಂದರೆ ಎರಡನೆಯದು. ಉದುರುತ್ತಿದ್ದರೆ ಮೂರನೆಯದು. ಮೊದಲೆರಡಾದರೆ ಎಣ್ಣೆಯ ಮಟ್ಟ ನೋಡಿಕೊಂಡು ಹೊರಡಬಹುದು, ಮೂರನೆಯದಾದರೆ ನಿಲ್ಲಿಸಬೇಕು. ಡೀಸೆಲ್ಲಿಗೂ ಬ್ರೇಕ್ ಆಯಿಲಿಗೂ ಮಾತ್ರ ಈ ರಿಯಾಯಿತಿ ಇಲ್ಲ. ಹಳೆಯ ಗಾಡಿ ಅಂದಮೇಲೆ ಸ್ವಲ್ಪ ಸೋರುತ್ತದೆ ಬಿಡಿ ಎಂದು ನಮ್ಮ ಗ್ಯಾರೇಜುಗಳಲ್ಲಿ ಕೇಳಿ ಅಭ್ಯಾಸವಾದ ಕಿವಿಗೆ ಈ ವಿಂಗಡಣೆ ಬಹಳ ಹಿಡಿಸಿತು. ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಕೂಡದು ಎಂಬ ತೀರ್ಮಾನವನ್ನು ಅವತ್ತಿನ ಮನಸ್ಥಿತಿಗೆ ಬಿಡದೆ ಮೊದಲೇ ಬರೆದಿಟ್ಟಿದ್ದಾರೆ.

ಟ್ರಕ್ಕು ಎಂ35ಎ2. ಎರಡೂವರೆ ಟನ್ ವರ್ಗದ್ದು, ಮುಂದೆ ಎರಡು ಚಕ್ರ, ಹಿಂದೆ ಎರಡು ಆಕ್ಸಲ್‌ಗಳಲ್ಲಿ ಜೋಡಿ ಜೋಡಿಯಾಗಿ ಎಂಟು. ಮೂರೂ ಆಕ್ಸಲ್‌ಗಳಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಬರಿಗಾಡಿಯೇ ಸುಮಾರು 6 ಟನ್ ತೂಗುತ್ತದೆ. ಎರಡೂವರೆ ಟನ್ ಎಂಬುದು ರಸ್ತೆಯಿಲ್ಲದ ನೆಲದಲ್ಲಿ ಹೊರಬೇಕಾದ ಭಾರ. ಒಳ್ಳೆಯ ರಸ್ತೆಯಲ್ಲಿ ಅದರ ಎರಡರಷ್ಟು ಹೇರಬಹುದು. ಈ ವಂಶದ ಮೊದಲ ಗಾಡಿಗಳನ್ನು 1950ರ ಹೊತ್ತಿಗೆ ಮಿಶಿಗನ್ನಿನ ಲ್ಯಾನ್ಸಿಂಗ್‌ನಲ್ಲಿದ್ದ ರಿಯೊ ಕಂಪನಿ ಕಟ್ಟಿತು. ವಿಯೆಟ್ನಾಂ ಯುದ್ಧದ ರಸ್ತೆಗಳಲ್ಲಿ ಸಾಮಾನು, ಸೈನಿಕರು, ಕೆಲವೊಮ್ಮೆ ಉಕ್ಕಿನ ಹಲಗೆ ಹೊದ್ದು ಬಂದೂಕುಗಳನ್ನೂ ಹೊತ್ತು ತಿರುಗಿದ್ದು ಈ ಮಾದರಿಯೇ.

ಈ ಗಾಡಿಯ ಡ್ಯಾಶ್‌ಬೋರ್ಡಿನ ಲೋಹದ ಫಲಕದಲ್ಲಿ ಕೈಸರ್ ಜೀಪ್, 1969 ಎಂದಿದೆ. ಅಂದರೆ ಹುಟ್ಟೂರು ಸೌತ್ ಬೆಂಡ್. ಸೈನ್ಯಕ್ಕೂ ಈ ಊರಿಗೂ ನಂಟು ಹಳೆಯದು. 1852ರಲ್ಲಿ ಇಲ್ಲಿ ಕಮ್ಮಾರಸಾಲೆ ತೆರೆದ ಸ್ಟೂಡಿಬೇಕರ್ ಸೋದರರು ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನೆಗೆ ಕುದುರೆಗಾಡಿಗಳನ್ನು ಮಾಡಿಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಅವರ ಕಂಪನಿಯ ಯುಎಸ್6 ಟ್ರಕ್ಕುಗಳು ದೊಡ್ಡ ಸಂಖ್ಯೆಯಲ್ಲಿ ಸೋವಿಯತ್ ರಷ್ಯಾಕ್ಕೆ ಹೋದವು. ಕತ್ಯೂಷಾ ರಾಕೆಟ್ಟುಗಳನ್ನು ಅವುಗಳ ಬೆನ್ನ ಮೇಲೆ ಕೂರಿಸಿ ಹಾರಿಸಿದರು. ಅದೇ ಯುದ್ಧದಲ್ಲಿ ವಿಮಾನದ ಎಂಜಿನ್ ತಯಾರಿಸಲೆಂದು ಚಿಪ್ಪೆವಾ ಅವೆನ್ಯೂದಲ್ಲಿ ಕಟ್ಟಿದ ಕಾರ್ಖಾನೆಯನ್ನು, 1963ರ ಡಿಸೆಂಬರಿನಲ್ಲಿ ಸ್ಟೂಡಿಬೇಕರ್ ಈ ಊರಿನ ಕಾರು ತಯಾರಿಕೆ ನಿಲ್ಲಿಸಿದ ಮೇಲೆ, ಕೈಸರ್ ಕೊಂಡಿತು. 1970ರಲ್ಲಿ ಕೈಸರ್ ಜೀಪ್ ಕಂಪನಿಯೇ ಅಮೆರಿಕನ್ ಮೋಟಾರ್ಸ್ ಕೈಗೆ ಹೋಯಿತು. ಮಿಲಿಟರಿ ಗಾಡಿಗಳ ವಿಭಾಗಕ್ಕೆ ಮರುವರ್ಷ ಎಎಂ ಜನರಲ್ ಎಂಬ ಹೆಸರು ಬಂತು. ಹಮ್‌ವೀ ಕಟ್ಟಿದ್ದು ಇದೇ ಸಂಸ್ಥೆ.  

ಸೈನ್ಯಕ್ಕೆ ಬೇಡವಾದ ಗಾಡಿ ಜನರ ಕೈಗೆ ಬರುವ ದಾರಿ ನಮ್ಮ 'ಮಿಲಿಟರಿ ಡಿಸ್ಪೋಸಲ್' ಹರಾಜಿನಂತೆಯೇ. ಮಿಶಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಮುಖ್ಯ ಕಚೇರಿಯಿರುವ ರಕ್ಷಣಾ ಇಲಾಖೆಯ ವಿಲೇವಾರಿ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೊದಲು ಸರ್ಕಾರದ ಬೇರೆ ಇಲಾಖೆಗಳು, ಹಳ್ಳಿಗಳ ಅಗ್ನಿಶಾಮಕ ಪಡೆಗಳು ಬೇಕಾದ್ದನ್ನು ತೆಗೆದುಕೊಳ್ಳುತ್ತವೆ; ಎಷ್ಟೋ ಎಂ35ಗಳು ಬೆನ್ನಿಗೆ ನೀರಿನ ಟ್ಯಾಂಕು ಹೊತ್ತು ಕಾಡುಕಿಚ್ಚಿನ ಗಾಡಿಗಳಾಗಿವೆ. ಉಳಿದದ್ದು ಹರಾಜಿಗೆ. ಗೆದ್ದವರಿಗೆ ಎಸ್‌ಎಫ್-97 ಎಂಬ ಕಾಗದ ಸಿಗುತ್ತದೆ. ಅದನ್ನು ತೋರಿಸಿಯೇ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಕಾಗದವಿಲ್ಲದ ಗಾಡಿಗೆ ಕೈ ಹಾಕಲೇಬೇಡಿ, ಎಷ್ಟು ಅಗ್ಗವಾದರೂ ಸರಿ ಎನ್ನುತ್ತಾರೆ ಸಾರ್ಜೆಂಟ್.

ಎಂಜಿನ್ನಿನ ಹತ್ತಿರ ಹೋಗೋಣ. ಬಾನೆಟ್ ಎತ್ತಿ, ಬದಿಯ ತಗಡು ಕಳಚಿದರೆ ಎಲ್ಲವೂ ಕಣ್ಣಳತೆಯಲ್ಲಿದೆ, ಕೈಯಳತೆಯಲ್ಲಿದೆ. ದಪ್ಪ ಕೈಗವಸು ಹಾಕಿಕೊಂಡೂ ಫಿಲ್ಟರ್ ಬಿಚ್ಚುವಷ್ಟು ಜಾಗ ಬಿಟ್ಟಿದ್ದಾರೆ. ಎಲ್‌ಡಿಟಿ-465 ಎಂಬ ಈ ಆರು ಸಿಲಿಂಡರಿನ ಎಂಜಿನ್ನು 7.8 ಲೀಟರಿನದು. ಮೂರು ಮೂರು ಸಿಲಿಂಡರಿಗೆ ಒಂದರಂತೆ ಎರಡು ಹೆಡ್. ಯುದ್ಧಭೂಮಿಯಲ್ಲಿ ಯಾವ ಇಂಧನ ಸಿಕ್ಕಿದರೂ ಓಡಬೇಕು ಎಂಬ ಬೇಡಿಕೆಗೆ ಹುಟ್ಟಿದ್ದು: ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ತೀರಾ ಅನಿವಾರ್ಯವಾದರೆ ಪೆಟ್ರೋಲ್ ಕೂಡ.

ಇದು ಸಾಧ್ಯವಾಗುವುದು ಪಿಸ್ಟನ್ನಿನ ತಲೆಯೊಳಗೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ನೋಝಲ್ಲು ಇಂಧನವನ್ನು ಕಾದ ಗಾಳಿಯೊಳಕ್ಕೆ ಮಂಜಿನಂತೆ ಎರಚುತ್ತದೆ. ಇಲ್ಲಿ ಪಿಸ್ಟನ್ನಿನ ನೆತ್ತಿಯಲ್ಲಿ ಗುಂಡಗೆ ಕೊರೆದ ಕುಳಿಯಿದೆ. ಇಂಧನದ ಹೆಚ್ಚಿನ ಭಾಗ ಆ ಕುಳಿಯ ಗೋಡೆಗೆ ತೆಳುವಾಗಿ ಬಳಿದುಕೊಳ್ಳುತ್ತದೆ. ಸುಳಿಸುತ್ತುವ ಗಾಳಿ ಅದನ್ನು ಪದರಪದರವಾಗಿ ಆವಿ ಮಾಡಿ ಎಬ್ಬಿಸಿಕೊಂಡು ಹೋದಂತೆ ಉರಿಯುತ್ತದೆ. ಒಮ್ಮೆಲೇ ಭಗ್ಗೆನ್ನುವುದಿಲ್ಲವಾದ್ದರಿಂದ ಇಂಧನದ ಗುಣ ಸ್ವಲ್ಪ ಅತ್ತಿತ್ತಾದರೂ ನಡೆಯುತ್ತದೆ. ಈ ವಿಧಾನ ಜರ್ಮನಿಯ ಮಾನ್ ಕಂಪನಿಯದು. ಅಮೆರಿಕದ ಕಾಂಟಿನೆಂಟಲ್ ಕಂಪನಿ ಅದನ್ನು ತಂದು ಈ ಎಂಜಿನ್ನಿಗೆ ಅಳವಡಿಸಿತು. ನಮ್ಮ ಸೈನ್ಯದ ಶಕ್ತಿಮಾನ್ ಟ್ರಕ್ಕಿನ ಮೂಲವೂ ಅದೇ ಮಾನ್. ಅದರ ಲೈಸೆನ್ಸಿನ ಮೇಲೆ 1959ರಿಂದ ಜಬಲ್ಪುರದಲ್ಲಿ ಕಟ್ಟಿದ ಶಕ್ತಿಮಾನ್‌ಗಳನ್ನು ನೋಡುತ್ತ ಬೆಳೆದ ನಮ್ಮ ತಲೆಮಾರಿಗೆ ಈ ದೂರದ ಶೆಡ್ಡಿನಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಪರಿಚಿತರು ಸಿಕ್ಕಂತಾಗುತ್ತದೆ.

"ಯಾವ ಎಣ್ಣೆ ಹಾಕಿದರೂ ಓಡುತ್ತದೆ ಅಂತ ಕೇಳಿಯೇ ತುಂಬ ಜನ ಇದನ್ನು ಕೊಳ್ಳುತ್ತಾರೆ ಮಾವ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಸುರಿಯುತ್ತಾರೆ" ಎಂದ ಹುಡುಗ. ಇವರು ಸುರಿಯುವುದಿಲ್ಲ. ಸುಟ್ಟ ಆಯಿಲ್ಲಿನಲ್ಲಿ ನೀರಿದೆ, ಲೋಹದ ಪುಡಿಯಿದೆ, ಮಸಿಯಿದೆ. ಇಂಧನದ ಪಂಪಿನೊಳಗೆ ಒಂದೇ ಪ್ಲಂಜರು ಆರೂ ಸಿಲಿಂಡರಿಗೆ ಸರದಿಯಂತೆ ಹಂಚುತ್ತದೆ. ಅದರ ಸಂದು ಕೂದಲೆಳೆಗಿಂತ ಕಿರಿದು. ಅದು ಕೆಟ್ಟರೆ ಸರಿ ಮಾಡಬಲ್ಲ ಕೈಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ಮಿತವ್ಯಯವೆಂದು ಹೊರಟು ಗಾಡಿಯ ಅತಿ ದುಬಾರಿ ಭಾಗವನ್ನು ಬಲಿಕೊಡುವುದು ನನಗೂ ಸರಿ ಕಾಣುವುದಿಲ್ಲ. ಯುದ್ಧದ ತುರ್ತಿಗೆ ಕೊಟ್ಟ ಅವಕಾಶ ದಿನನಿತ್ಯದ ಆಹಾರವಲ್ಲ.

ಆ ಪಂಪು ಇನ್ನೊಂದು ಅಭ್ಯಾಸವನ್ನೂ ಕಲಿಸುತ್ತದೆ. ಅದರ ಕೆಲ ಭಾಗಗಳಿಗೆ ಜಾರುವಿಕೆ ಕೊಡುವುದು ಎಂಜಿನ್ ಆಯಿಲ್. ಒಳಗಿನ ರಬ್ಬರ್ ಉಂಗುರ ಸವೆದರೆ ಡೀಸೆಲ್ಲು ಸದ್ದಿಲ್ಲದೆ ಆಯಿಲ್ ಸಂಪಿಗೆ ಇಳಿಯುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಎಳೆದಾಗ ಮಟ್ಟ ಕಡಿಮೆಯಾಗಿದೆಯೇ ಎಂದಷ್ಟೇ ನೋಡಿದರೆ ಸಾಲದು, ಹೆಚ್ಚಾಗಿದೆಯೇ ಎಂದೂ ನೋಡಬೇಕು. ಬೆರಳಿಗೆ ತೀಡಿ ಮೂಸಬೇಕು. ಸಾರ್ಜೆಂಟ್ ಮೂಸಿ, ನನಗೂ ಹಿಡಿದರು. ಬರೀ ಆಯಿಲ್ ವಾಸನೆ. ಮಟ್ಟ ಏರಿ ಡೀಸೆಲ್ ಘಾಟು ಬಂದಿದ್ದರೆ ಆ ದಿನ ಎಂಜಿನ್ ಚಾಲೂ ಮಾಡುವಂತಿಲ್ಲ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ.

ಆಯಿಲ್ ಬದಲಿಸುವುದೂ ಸಣ್ಣ ಕೆಲಸವಲ್ಲ. ಎರಡು ದೊಡ್ಡ ಫಿಲ್ಟರ್ ಡಬ್ಬಿಗಳನ್ನೂ ಸೇರಿಸಿ ಸುಮಾರು 20 ಲೀಟರ್ ಹಿಡಿಯುತ್ತದೆ. ತುಂಬಿದ ಕೂಡಲೇ ಎಂಜಿನ್ ಎಬ್ಬಿಸುವುದಿಲ್ಲ. ಡ್ಯಾಶಿನಲ್ಲಿರುವ 'ಎಂಜಿನ್ ಸ್ಟಾಪ್' ಹಿಡಿಯನ್ನು ಹೊರಗೆಳೆದು ಇಂಧನ ತಡೆದು, ಸೆಲ್ಫ್ ಒತ್ತಿ ಸ್ವಲ್ಪ ಸ್ವಲ್ಪ ತಿರುಗಿಸಿ, ಆಯಿಲ್ ಪ್ರೆಶರಿನ ಮುಳ್ಳು ಏಳುವವರೆಗೆ ಕಾದು, ಆಮೇಲೆ ಹಿಡಿ ಒಳಗೆ ತಳ್ಳಬೇಕು. ನಿಲ್ಲಿಸುವಾಗಲೂ ಹಾಗೆಯೇ. ದೂರ ಓಡಿ ಬಂದ ಗಾಡಿಯನ್ನು ಮೂರು ನಾಲ್ಕು ನಿಮಿಷ ನಿಧಾನಕ್ಕೆ ಉರಿಯಲು ಬಿಟ್ಟು ಟರ್ಬೊ ತಣಿದ ಮೇಲೆ ಆರಿಸಬೇಕು. ಈ ಟರ್ಬೊ ಕೂರಿಸಿದ್ದು ಮುಖ್ಯವಾಗಿ ಹೊಗೆ ತಗ್ಗಿಸಲು, ಬಲ ಹೆಚ್ಚಿಸಲು ಅಲ್ಲ. ದೂರದಿಂದಲೇ ಹೊಗೆ ಕಂಡರೆ ಶತ್ರುವಿಗೆ ಗುರಿ ಸಿಗುತ್ತದಲ್ಲ.

ಕ್ಯಾಬಿಗೆ ಹತ್ತಿದೆ. ಚಾವಣಿ ಕ್ಯಾನ್‌ವಾಸಿನದು. ಚಾವಿ ಹಾಕುವ ತೂತೇ ಇಲ್ಲ. ಸೈನ್ಯದ ಗಾಡಿಗೆ ಚಾವಿ ಕಳೆದುಹೋಯಿತು ಎಂಬ ಸಬೂಬು ಇರಬಾರದು. ಬ್ಯಾಟರಿಯ ಸ್ವಿಚ್ ತಿರುಗಿಸಿದರೆ ಟ್ಯಾಂಕಿನೊಳಗಿನ ಪಂಪು ಗುಂಯ್‌ಗುಡುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ. ಕಳ್ಳರ ಭಯಕ್ಕೆ ಈಗಿನ ಮಾಲೀಕರು ಸ್ಟೇರಿಂಗಿಗೆ ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು, 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. ರೇಡಿಯೊ ಹಾಕಬೇಕೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯುವವರಿದ್ದಾರೆ. ಹಾಗೆ ಮಾಡಿದರೆ ಒಂದು ಸೊರಗಿ ಇನ್ನೊಂದು ಅತಿಯಾಗಿ ಚಾರ್ಜಾಗಿ ಎರಡೂ ಹಾಳು. ದೀಪದ ಸ್ವಿಚ್ಚಿಗೆ ಮೂರು ಹಿಡಿಗಳು, ಅದರಲ್ಲೊಂದು ಬರೀ ಬೀಗದ ಹಿಡಿ. ಕತ್ತಲಲ್ಲಿ ಸೈನಿಕನ ಕೈ ತಗುಲಿ ದೊಡ್ಡ ದೀಪ ಹತ್ತದಿರಲೆಂದು. ಹಿಂದಿನ ಮಂಕು ದೀಪಗಳ ಗಾಜನ್ನು ಎಷ್ಟು ಜಾಣತನದಿಂದ ಸೀಳಿದ್ದಾರೆಂದರೆ, ಹಿಂಬಾಲಿಸುವವನಿಗೆ ಹತ್ತಿರದಿಂದ ಕಾಣುವ ಚುಕ್ಕೆಗಳ ಸಂಖ್ಯೆ ಬೇರೆ, ದೂರದಿಂದ ಬೇರೆ. ಚುಕ್ಕೆ ಎಣಿಸಿ ಅಂತರ ಕಾಯ್ದುಕೊಳ್ಳಬೇಕು.

ಕೈಸರ್ ಫಲಕದ ಪಕ್ಕದಲ್ಲಿ ಯೂಟಾ ರಾಜ್ಯದ ಟುವಿಲಾ ಡಿಪೋದಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ ಮರುಕಟ್ಟಿದ್ದಕ್ಕೆ ಇನ್ನೊಂದು ಫಲಕ. ಗೇರು ಹಾಕುವ ನಕ್ಷೆ, ಯಾವ ಗೇರಿನಲ್ಲಿ ಎಷ್ಟು ವೇಗ ಎಂಬ ಪಟ್ಟಿಯೂ ಲೋಹದಲ್ಲೇ ಕೊರೆದಿದೆ. ಗರಿಷ್ಠ ಗಂಟೆಗೆ 56 ಮೈಲಿ, ನಮ್ಮ ಲೆಕ್ಕದಲ್ಲಿ 90 ಕಿಲೋಮೀಟರ್. ಲೀಟರಿಗೆ ಮೂರೂವರೆ, ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು.

ಎಂಜಿನ್ ಚಾಲೂ ಮಾಡಿ ತೋರಿಸಿದರು. ಚಾಲೂ ಆದ ಕೂಡಲೇ ಕಿವಿ ಕೊರೆಯುವ ಬಜರ್. ಗಾಳಿಯ ಟ್ಯಾಂಕಿನಲ್ಲಿ ಒತ್ತಡ 60 ಪೌಂಡಿನಾಚೆ ಏರುವವರೆಗೆ ಅದು ನಿಲ್ಲುವುದಿಲ್ಲ. ಮುಳ್ಳು ನಿಧಾನವಾಗಿ 120ರ ಹತ್ತಿರ ಹೋಗಿ ನಿಂತಿತು. ಬಜರ್ ನಿಂತ ಮೇಲೆ ಟರ್ಬೊದ ಸಿಳ್ಳೆ ಸ್ಪಷ್ಟವಾಗಿ ಕೇಳಿತು. ಈ ಗಾಳಿಯೇ ಮುಂದಿನ ಕಥೆ.

ಟ್ರಕ್ಕಿನ ಕೆಳಗೆ ತೂರಿದೆವು. ಮಲಗಿಕೊಂಡು ಮೇಲೆ ನೋಡಿದರೆ ಇಡೀ ಬ್ರೇಕ್ ವ್ಯವಸ್ಥೆ ಚಿತ್ರ ಬಿಡಿಸಿಟ್ಟಂತಿದೆ. ಚಾಲಕನ ಕಾಲ ಕೆಳಗೆ ಮಾಸ್ಟರ್ ಸಿಲಿಂಡರ್. ಅಲ್ಲಿಂದ ಬ್ರೇಕ್ ಆಯಿಲ್ ಒಂದು ಪೈಪಿನಲ್ಲಿ ಏರ್‌ಪ್ಯಾಕ್ ಎಂಬ ಉದ್ದನೆಯ ಡಬ್ಬಿಗೆ ಹೋಗುತ್ತದೆ. ಟ್ಯಾಂಕಿನ ಗಾಳಿ ಅಲ್ಲಿ ಕಾಲಿನ ಒತ್ತಡಕ್ಕೆ ತನ್ನ ಬಲ ಸೇರಿಸುತ್ತದೆ. ಬಲಗೊಂಡ ಆಯಿಲ್ ಮೂರು ಆಕ್ಸಲ್‌ಗಳ ಆರು ಡ್ರಮ್ಮುಗಳಿಗೆ ಹಂಚಿಹೋಗುತ್ತದೆ. ಕಾಲು ಲಘುವಾಗಿ ಇಟ್ಟರೂ ಆರು ಟನ್ ನಿಲ್ಲುತ್ತದೆ. ಆದರೆ ಇಡೀ ಜಾಲ ಒಂದೇ. ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಎಂದು ಎರಡು ದಾರಿಗಳಿಲ್ಲ. ಯಾವುದೋ ಒಂದು ಚಕ್ರದ ರಬ್ಬರ್ ಹೋಸು ಒಡೆದರೆ, ಒಂದು ವೀಲ್ ಸಿಲಿಂಡರಿನ ವಾಷರ್ ಕಿತ್ತುಬಂದರೆ, ಪೆಡಲು ನೆಲಕ್ಕೆ ಕೂರುತ್ತದೆ, ಹತ್ತು ಚಕ್ರಗಳ ಬ್ರೇಕೂ ಹೋಗುತ್ತದೆ. ಆಗ ಕೈಯಲ್ಲಿ ಉಳಿಯುವುದು ಗೇರು, ಮತ್ತು ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗಿರುವ ಒಂದೇ ಡ್ರಮ್ಮಿನ ಹ್ಯಾಂಡ್‌ಬ್ರೇಕು. ಅದು ಜಾಯಿಂಟ್ ಷಾಫ್ಟನ್ನು ಹಿಡಿಯುತ್ತದೆ, ಚಕ್ರವನ್ನಲ್ಲ. ನಿಂತ ಗಾಡಿಯನ್ನು ನಿಲ್ಲಿಸಿಕೊಳ್ಳಲು ಇರುವ ಬ್ರೇಕು ಅದು. ಇಳಿಜಾರಿನಲ್ಲಿ ಓಡುವ ಗಾಡಿಯ ಮುಂದೆ ಅದರ ಆಟ ಹೆಚ್ಚು ಹೊತ್ತು ನಡೆಯದು.

ಇಂಥ ಗಾಡಿಯ ಬಗ್ಗೆ ಜನ ಮಾತಾಡುವುದೆಲ್ಲ ಅದರ ಬಲದ ಬಗ್ಗೆ. ಕೆಸರು ದಾಟುತ್ತದೆ, ಹೊಳೆಗಿಳಿಯುತ್ತದೆ, ಮರ ಎಳೆಯುತ್ತದೆ. ನಿಜ, ಎಲ್ಲವನ್ನೂ ಮಾಡುತ್ತದೆ. ಆದರೆ ಅದನ್ನು ಸಾಕುವವನ ಯೋಗ್ಯತೆ ಗೊತ್ತಾಗುವುದು ಅದರ ದುರ್ಬಲ ಜಾಗ ಅವನಿಗೆಷ್ಟು ಗೊತ್ತು ಎಂಬುದರಲ್ಲಿ. ಈ ಶೆಡ್ಡಿನಲ್ಲಿ ನನಗೆ ಹಿಡಿಸಿದ್ದು ಅದೇ. ಬಣ್ಣ ಹಳೆಯದಾಗಿ ಮಂಕಾಗಿದೆ, ಹಿಂದಿನ ಮರದ ಸೀಟಿನ ಪಟ್ಟಿಗಳು ಬಿರಿದಿವೆ. ಬ್ರೇಕಿನ ಹೋಸುಗಳು ಮಾತ್ರ ಹೊಚ್ಚಹೊಸವು.

ಬಿಚ್ಚಿಟ್ಟ ವೀಲ್ ಸಿಲಿಂಡರನ್ನು ಹುಡುಗ ಬೆಳಕಿಗೆ ಹಿಡಿದ. ಒಳಗೋಡೆಯ ತಳದಲ್ಲಿ ಕಂದು ಕಲೆ, ಉಗುರು ಎಳೆದರೆ ಸಿಕ್ಕಿಬೀಳುವ ಸಣ್ಣ ಗುಳಿಗಳು. ಸೈನ್ಯ ಈ ಗಾಡಿಗಳಿಗೆ ಸಿಲಿಕೋನ್ ಬ್ರೇಕ್ ಆಯಿಲ್ ತುಂಬುತ್ತಿತ್ತು, ಡಾಟ್ 5 ಎಂಬುದು. ಡಾಟ್ 3ರಂಥ ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಇದು ಹೀರುವುದಿಲ್ಲ. ವರ್ಷಗಟ್ಟಲೆ ಡಿಪೋದಲ್ಲಿ ಸುಮ್ಮನೆ ನಿಲ್ಲುವ ಗಾಡಿಗೆ ಇದೇ ಒಳ್ಳೆಯದೆಂದು ಲೆಕ್ಕ. ಆದರೆ ಹೇಗೋ ಒಳಸೇರಿದ ನೀರು ಅದರಲ್ಲಿ ಬೆರೆಯದೆ ಹನಿಯಾಗಿ ಅತಿ ತಗ್ಗಿನ ಜಾಗಕ್ಕೆ ಇಳಿದು ಕೂರುತ್ತದೆ. ತಗ್ಗಿನ ಜಾಗ ಯಾವುದು? ವೀಲ್ ಸಿಲಿಂಡರು. ಅಲ್ಲಿ ಅದು ಕಬ್ಬಿಣವನ್ನು ತಿನ್ನುತ್ತ ಕೂರುತ್ತದೆ. ಆದ್ದರಿಂದ ಇವರು ಆಯಿಲ್ ಚೆನ್ನಾಗಿ ಕಂಡರೂ ಆಗಾಗ ಆರೂ ಚಕ್ರಗಳಲ್ಲಿ ಹಳೆಯದನ್ನು ಹೊರಕ್ಕೆ ಬಿಟ್ಟು ಹೊಸದನ್ನು ಒತ್ತುತ್ತಾರೆ. ಡಾಟ್ 3 ಮತ್ತು ಡಾಟ್ 5 ಎಂದೂ ಬೆರೆಸಬಾರದು. ಹೊಸದಾಗಿ ಕೊಂಡ ಗಾಡಿಯಲ್ಲಿ ಯಾವುದಿದೆ ಎಂದು ಖಚಿತವಾಗದಿದ್ದರೆ ಪೂರ್ತಿ ಬಿಚ್ಚಿ ತೊಳೆದು ಹೊಸ ರಬ್ಬರ್ ಹಾಕಿಯೇ ತುಂಬಬೇಕು. ದಿನದ ಕೊನೆಗೆ ಗಾಳಿಯ ಟ್ಯಾಂಕುಗಳ ಕೆಳಗಿನ ನಲ್ಲಿ ತಿರುಗಿಸಿ ಒಳಗೆ ಕೂಡಿದ ನೀರು ಹರಿಸುವುದೂ ಇದೇ ಜಾಗರೂಕತೆಯ ಭಾಗ. ಇಲ್ಲಿನ ಚಳಿಗಾಲದಲ್ಲಿ ಆ ನೀರು ಪೈಪಿನೊಳಗೆ ಹೆಪ್ಪುಗಟ್ಟಿದರೆ ಗಾಳಿಯ ಬಲವೇ ಬರುವುದಿಲ್ಲ.

ಡ್ರಮ್ಮು ಕಳಚುವುದು ಮೈಬಗ್ಗಿಸುವ ಕೆಲಸ. ಮೊದಲು ಆಕ್ಸಲ್ ಷಾಫ್ಟು ಎಳೆದು ತೆಗೆಯಬೇಕು. ಒಳಗಿನ ಲಾಕ್ ನಟ್ಟು ಬಿಚ್ಚಲು ದೊಡ್ಡದೊಂದು ಸಾಕೆಟ್ ಪಾನಾ ಬೇಕು. ಅದಿಲ್ಲದವರು ಉಳಿ ಸುತ್ತಿಗೆ ಹಿಡಿದು ನಟ್ಟಿನ ಮೂಲೆಗಳನ್ನೆಲ್ಲ ಕೆಡಿಸಿಟ್ಟಿರುತ್ತಾರೆ. ಈ ಗಾಡಿಯಲ್ಲೂ ಹಿಂದಿನ ಯಾರದೋ ಉಳಿಯ ಗಾಯಗಳಿವೆ. ಹಬ್ಬು ಹೊರಬಂದರೆ ಆಯಿಲ್ ಸೀಲಿನ ಸ್ಥಿತಿ ಗೊತ್ತಾಗುತ್ತದೆ. ಸೀಲು ಸೋತರೆ ಕ್ರೌನಿನ ಎಣ್ಣೆ ಬ್ರೇಕಿನ ಲೈನರಿಗೆ ಹತ್ತುತ್ತದೆ. ಎಣ್ಣೆ ಕುಡಿದ ಲೈನರನ್ನು ಎಷ್ಟು ತೊಳೆದರೂ ನಂಬುವಂತಿಲ್ಲ, ಬದಲಿಸಬೇಕು. ಡ್ರಮ್ಮಿನೊಳಗಿನ ಧೂಳನ್ನು ಇವರು ಕಂಪ್ರೆಸರಿನ ಗಾಳಿಯಿಂದ ಊದುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟುತ್ತಾರೆ. ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಗಾಳಿ ಹೊಡೆದು ಧೂಳೆಬ್ಬಿಸಿ ಅದೇ ಧೂಳು ಉಸಿರಾಡುತ್ತ ಕೆಲಸ ಮಾಡುವ ಹುಡುಗರನ್ನು ನಮ್ಮೂರ ಹೆದ್ದಾರಿ ಬದಿಯಲ್ಲಿ ಎಷ್ಟೊಂದು ಕಡೆ ಕಂಡಿದ್ದೇನೆ. ಈ ಒದ್ದೆ ಬಟ್ಟೆಯ ಪಾಠಕ್ಕೆ ಖರ್ಚೇ ಇಲ್ಲ. ಅಲ್ಲಿಗೂ ತಲುಪಬೇಕು.

ಹಸಿರು ಬಣ್ಣದ ವಿಷಯದಲ್ಲೂ ಅಂಥದೇ ಎಚ್ಚರಿಕೆ. ರಾಸಾಯನಿಕ ಅಸ್ತ್ರಗಳನ್ನು ತಡೆಯಲೆಂದು ಸೈನ್ಯ ಬಳಿಯುತ್ತಿದ್ದ ಬಣ್ಣದಲ್ಲಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಕೇಡಾದ ರಾಸಾಯನಿಕವಿದೆ. ಮರಳು ಕಾಗದ ಹಿಡಿದು ಸುಮ್ಮನೆ ಉಜ್ಜಲು ಕೂರಬಾರದು.

ಗೋಡೆಗೆ ಒರಗಿಸಿದ ಟೈರುಗಳ ಮೇಲೆ 9.00-20 ಎಂದು ಓದಿ ಖುಷಿಯಾಯಿತು. ನಮ್ಮ ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳದೂ ಇದೇ ಅಳತೆ. ಇಲ್ಲೂ ರಿಮ್ಮಿಗೆ ಉಕ್ಕಿನ ರಿಂಗಿನ ಬೀಗ. ಸರಿಯಾಗಿ ಕೂರದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ದಪ್ಪ ಪೈಪಿನ ಪಂಜರವಿದೆ. ಚಕ್ರವನ್ನು ಅದರೊಳಗೆ ಉರುಳಿಸಿ, ಉದ್ದನೆಯ ಟ್ಯೂಬಿನಿಂದ ದೂರ ನಿಂತೇ ಗಾಳಿ ಬಿಡುತ್ತಾರೆ. ರಿಂಗಿನ ಮೇಲೆ ಕಾಲಿಟ್ಟು ಗಾಳಿ ತುಂಬುವ ನಮ್ಮ ಪಂಕ್ಚರ್ ಅಂಗಡಿಗಳ ಧೈರ್ಯಕ್ಕಿಂತ ಈ ಪಂಜರ ದೊಡ್ಡದು.

ಹತ್ತೂ ಟೈರುಗಳ ಸುತ್ತಳತೆ ಒಂದೇ ಇರಬೇಕೆಂಬ ಹಟಕ್ಕೂ ಕಾರಣವಿದೆ. ಹಿಂದಿನ ಚಕ್ರ ಜಾರಿ ಹೆಚ್ಚು ತಿರುಗಿದಾಗ ಮುಂದಿನ ಆಕ್ಸಲ್ಲು ತಾನಾಗಿ ಕೂಡಿಕೊಳ್ಳುವಂಥ ಸ್ಪ್ರ್ಯಾಗ್ ಎಂಬ ಏರ್ಪಾಡು ಈ ಗಾಡಿಯ ಟ್ರಾನ್ಸ್‌ಫರ್ ಕೇಸಿನಲ್ಲಿದೆ. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ ಹಿಂದಿನವು ಸದಾ ಹೆಚ್ಚು ಸುತ್ತು ತಿರುಗುತ್ತವೆ. ಜಾರುತ್ತಿದೆ ಎಂದೇ ಅದು ತಿಳಿಯುತ್ತದೆ. ಒಣ ಡಾಂಬರಿನ ಮೇಲೂ ಮುಂದಿನ ಆಕ್ಸಲ್ಲು ಕೂಡಿಕೊಂಡು ಎಳೆದಾಡಿ ಒಳಗಿನ ಭಾಗ ಮುರಿಯುತ್ತದೆ. ಇನ್ನೊಂದು ಮಾತು: ಎಡಬದಿಯ ಚಕ್ರದ ನಟ್ಟುಗಳ ಮರೆ ಎಡಕ್ಕೆ. ಗೊತ್ತಿಲ್ಲದವರು ಬಿಚ್ಚಲೆಂದು ಪಾನಾಕ್ಕೆ ಪೈಪು ಸೇರಿಸಿ ಬಿಗಿಯುತ್ತಲೇ ಹೋಗಿ ಬೋಲ್ಟು ಮುರಿಯುತ್ತಾರೆ.

ಮುಂಭಾಗದ ವಿಂಚಿಗೆ ಎಂಜಿನ್ನಿನಿಂದಲೇ ಷಾಫ್ಟಿನ ಮೂಲಕ ಶಕ್ತಿ. 10,000 ಪೌಂಡ್, ಅಂದರೆ ನಾಲ್ಕೂವರೆ ಟನ್ ಎಳೆಯುತ್ತದೆ. ಷಾಫ್ಟಿನಲ್ಲಿ ಮೆದು ಲೋಹದ ಶಿಯರ್ ಪಿನ್ ಒಂದಿದೆ. ಭಾರ ಮಿತಿ ಮೀರಿದರೆ ಮೊದಲು ತುಂಡಾಗಲೆಂದೇ ಇಟ್ಟಿದ್ದು. ಪದೇಪದೇ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟು ತೂರಿಸುವವರಿದ್ದಾರೆ. ಆಗ ತುಂಡಾಗುವುದು ಉಕ್ಕಿನ ಹಗ್ಗ. ಅದು ಬೀಸಿ ಬಂದರೆ ಕಾಲು ಕತ್ತರಿಸುತ್ತದೆ. ಸಾರ್ಜೆಂಟ್ ಬಿಡಿ ಪಿನ್ನುಗಳ ಡಬ್ಬಿಯನ್ನು ಚಾಲಕನ ಸೀಟಿನ ಕೆಳಗೇ ಇಟ್ಟಿದ್ದಾರೆ, ಬೋಲ್ಟಿನ ಆಸೆ ಯಾರಿಗೂ ಬಾರದಿರಲೆಂದು.

ಮೇಜಿನ ಮೇಲ್ಗಡೆ ಪುಸ್ತಕದ ಕಪಾಟು. ನನ್ನ ಮಟ್ಟಿಗೆ ಶೆಡ್ಡಿನ ನಿಜವಾದ ಆಸ್ತಿ ಇದು. ಟಿಎಂ 9-2320-361 ಎಂಬ ಮಾಲೆಯ ಕೈಪಿಡಿಗಳು: ಚಾಲಕನಿಗೊಂದು, ಘಟಕದ ಮೆಕ್ಯಾನಿಕ್ಕಿಗೊಂದು, ಅದಕ್ಕೂ ಮೇಲಿನ ಹಂತದ ರಿಪೇರಿಯವರಿಗೊಂದು. ಯಾರು ಯಾವ ಬೋಲ್ಟಿನವರೆಗೆ ಹೋಗಬಹುದು ಎಂಬುದಕ್ಕೂ ಗಡಿ ಹಾಕಿದ್ದಾರೆ. ಒಂದೊಂದು ಕೆಲಸಕ್ಕೂ ಬೇಕಾದ ಸಲಕರಣೆ, ಗೆರೆಚಿತ್ರ, ಬಿಗಿಯಬೇಕಾದ ಅಳತೆ. ಗ್ರೀಸ್ ಹೊಡೆಯುವ ಜಾಗಗಳಿಗೇ ಪ್ರತ್ಯೇಕ ನಕ್ಷೆ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಯಾರೂ ಕಲಿಸದೆ, ಇದನ್ನು ಓದಿ ಗಾಡಿ ಸರಿ ಮಾಡಬೇಕು ಎಂಬ ಕಲ್ಪನೆ ಪುಟಪುಟದಲ್ಲಿದೆ. ಓದಲು ಬೇಸರವಾದವರಿಗೆ ಇನ್ನೊಂದು ದಾರಿಯನ್ನೂ ಸೈನ್ಯ ಹುಡುಕಿತು. 1951ರಲ್ಲಿ ಹೊರಟ 'ಪಿಎಸ್' ಎಂಬ ಮಾಸಪತ್ರಿಕೆಯ ವಿಷಯ ಬರೀ ನಿರ್ವಹಣೆ, ಅದೂ ಕಾಮಿಕ್ಸ್ ರೂಪದಲ್ಲಿ. ಮೊದಲ ಎರಡು ದಶಕ ಅದಕ್ಕೆ ಚಿತ್ರ ಬರೆಸಿದ್ದು ಅಮೆರಿಕದ ಕಾಮಿಕ್ಸ್ ಲೋಕದ ದೊಡ್ಡ ಹೆಸರು ವಿಲ್ ಐಸ್ನರ್ ಅವರಿಂದ. ಹಳೆಯ ಸಂಚಿಕೆಯೊಂದನ್ನು ಹುಡುಗ ಕೈಗಿಟ್ಟ. ಗ್ರೀಸ್ ಹೊಡೆಯುವುದನ್ನು ಕಥೆ ಮಾಡಿ ಹೇಳಲು ಇಷ್ಟು ದೊಡ್ಡ ಕಲಾವಿದನನ್ನು ಕೂರಿಸಿದವರ ಬಗ್ಗೆ ಗೌರವ ಮೂಡುತ್ತದೆ.

ಬಿಡಿಭಾಗಗಳ ಡಬ್ಬಿಗಳ ಮೇಲೆ ಹದಿಮೂರು ಅಂಕಿಗಳ ಸಂಖ್ಯೆ. ಮೊದಲ ನಾಲ್ಕು ಅಂಕಿ ವರ್ಗ: 2530 ಎಂದರೆ ಬ್ರೇಕು, ಆಕ್ಸಲ್ಲು, ಸ್ಟೇರಿಂಗು, 2910 ಎಂದರೆ ಇಂಧನದ ಭಾಗ, 5330 ಎಂದರೆ ಗ್ಯಾಸ್ಕೆಟ್ಟು, ಸೀಲು. ಕಟ್ಟಿದ ಕಂಪನಿ ಮುಚ್ಚಿಹೋದರೂ ಈ ಸಂಖ್ಯೆ ಹಿಡಿದು ಹುಡುಕಿದರೆ ಯಾವುದೋ ಗೋದಾಮಿನಲ್ಲಿ ಮೇಣದ ಕಾಗದ ಸುತ್ತಿದ ಹೊಸ ಸೀಲು ಸಿಗುತ್ತದೆ. ಹಳೆಯ ಮಿಲಿಟರಿ ಗಾಡಿಗಳನ್ನು ಉಳಿಸುವವರು 1976ರಲ್ಲಿ ಕಟ್ಟಿಕೊಂಡ ಸಂಘವೊಂದರ ಕಚೇರಿ ಮಿಸೌರಿ ರಾಜ್ಯದಲ್ಲಿದೆ. ಬಿಡಿಭಾಗ, ತಿಳಿವಳಿಕೆ ಎರಡೂ ಅಲ್ಲಿಂದ ಹರಿಯುತ್ತವೆ. ಗೋದಾಮಿನ ರಬ್ಬರಿಗೂ ವಯಸ್ಸಾಗುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಮೇಣದ ಕಾಗದದೊಳಗಿದ್ದರೂ ನಲವತ್ತು ವರ್ಷದ ಬ್ರೇಕ್ ಹೋಸನ್ನು ಇವರು ಹಾಕುವುದಿಲ್ಲ; ಅಳತೆ ಕೊಟ್ಟು ಹೊಸದಾಗಿ ಮಾಡಿಸುತ್ತಾರೆ.

ಮಧ್ಯಾಹ್ನದ ಕಾಫಿಯ ಹೊತ್ತಿಗೆ ಇಬ್ಬರ ನಡುವಿನ ಹಳೆಯ ವಾದ ಎದ್ದಿತು. ಈ ಒಂಟಿ ಬ್ರೇಕ್ ಜಾಲವನ್ನು ತೆಗೆದು, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಕೂರಿಸಿ, ಮುಂದಿನ ಆಕ್ಸಲ್ಲಿಗೊಂದು, ಹಿಂದಿನವಕ್ಕೊಂದು ದಾರಿ ಮಾಡಬೇಕೆಂದು ಹುಡುಗನ ಹಟ. ಹಾಗೆ ಮಾಡಿಸಿಕೊಂಡ ಮಾಲೀಕರು ಇದ್ದಾರೆ. ಗಾಡಿ ಹುಟ್ಟಿದಂತೆಯೇ ಇರಬೇಕು, ಚೆನ್ನಾಗಿ ನೋಡಿಕೊಂಡರೆ ಒಂಟಿ ಜಾಲವೂ ಸಾಕು, ಇದರಲ್ಲೇ ನಾವು ಬೆಟ್ಟ ಇಳಿದಿದ್ದೇವೆ ಎನ್ನುವುದು ಸಾರ್ಜೆಂಟರ ನಿಲುವು.

"ಆಗ ನಿಮ್ಮ ಹಿಂದೆ ಮುಂದೆ ಇದ್ದದ್ದು ಸೈನ್ಯದ ಗಾಡಿಗಳು. ಈಗ ಶಾಲೆ ಮಕ್ಕಳ ಬಸ್ಸು ಇರುತ್ತದೆ" ಎಂದ ಹುಡುಗ ಅವರಿಗೆ. ನನ್ನ ಕಡೆ ತಿರುಗಿ, "ನೀವು ಏನಂತೀರಿ ಮಾವ?" ಎಂದು ಕನ್ನಡದಲ್ಲಿ ಕೇಳಿದ.

ನನ್ನ ಮತ ಅವನಿಗೇ. ಮ್ಯೂಸಿಯಮ್ಮಿನಲ್ಲಿ ನಿಲ್ಲುವ ಗಾಡಿ ಹುಟ್ಟಿದಂತಿರಲಿ. ರಸ್ತೆಗಿಳಿಯುವ ಗಾಡಿಯ ಮೇಲೆ ಅದರ ಎದುರು ಬರುವವರಿಗೂ ಹಕ್ಕಿದೆ. ಸಾರ್ಜೆಂಟ್ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದರು: ಚಾಸಿಗೆ ಒಂದು ಹೊಸ ತೂತೂ ಕೊರೆಯಬಾರದು, ತೆಗೆದ ಪ್ರತಿ ಭಾಗಕ್ಕೂ ಸಂಖ್ಯೆ ಬರೆದ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಬೇಕು, ಮುಂದೆ ಯಾರಿಗಾದರೂ ಮೂಲದಂತೆ ಮಾಡಬೇಕೆನಿಸಿದರೆ ಒಂದು ದಿನದಲ್ಲಿ ಆಗುವಂತಿರಬೇಕು. ಹುಡುಗ ಒಪ್ಪಿದ. ಚಳಿಗಾಲದ ಕೆಲಸಗಳ ಪಟ್ಟಿಯಲ್ಲಿ ಮಾಸ್ಟರ್ ಸಿಲಿಂಡರಿನ ಹೆಸರು ಅವತ್ತೇ ಮೊದಲ ಸಾಲಿಗೆ ಏರಿತು. ಬಿರಿದ ಸೀಟಿನ ಪಟ್ಟಿಗಳು, ಬಣ್ಣ ಎಲ್ಲ ಅದರ ಕೆಳಗೆ.